ಆ ಶಾಖ ಎಲ್ಲಿಂದ ಬಂತು?



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕ್ಷೇಮಸಮಾಚಾರ ಮಾತನಾಡಿದ ಮೇಲೆ ಒಂದು ಪ್ರಶ್ನೆ ಕೇಳಿದ. ಚಿಟಿಕೆಯಷ್ಟು ನಿಕ್ಕಲ್ ಪುಡಿಯನ್ನೂ ಒಂದಿಷ್ಟು ಹೈಡ್ರೋಜನ್ನನ್ನೂ ಕೊಳವೆಯೊಂದರಲ್ಲಿ ತುಂಬಿ ಕಾಯಿಸಿದರೆ, ನಾವು ಕೊಟ್ಟ ವಿದ್ಯುತ್ತಿನ ಹಲವು ಪಟ್ಟು ಶಾಖ ತಿಂಗಳುಗಟ್ಟಲೆ ಹೊರಬರುತ್ತದಂತೆ, ಹೊಗೆಯಿಲ್ಲ, ವಿಕಿರಣವಿಲ್ಲ, ಅಂತಹ ಯಂತ್ರ ತಯಾರಿಸುವವರಲ್ಲಿ ಹಣ ತೊಡಗಿಸಬಹುದೇ ಎಂಬುದು ಅವನ ಪ್ರಶ್ನೆ. "ವಿಜ್ಞಾನ ಕಲಿಸಿದವರು ನೀವು, ನೀವು ಹೇಳಿದಂತೆ ಮಾಡುತ್ತೇನೆ" ಎಂದ. ಆ ಮಾತು ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಕೋಚವನ್ನೇ ತಂದಿತು. ಏಕೆಂದರೆ ಇದೇ ವಿಷಯದಲ್ಲಿ ನಾನು ಒಮ್ಮೆ ಒಂದಿಡೀ ತರಗತಿಗೆ ತಪ್ಪು ಹೇಳಿ, ಅದನ್ನು ತಿದ್ದದೆ ಬಿಟ್ಟವನು.

ಅದು 1989ರ ಜೂನ್. ಬೇಸಿಗೆ ರಜೆಯಲ್ಲಿ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳನ್ನು ಕೈಯಲ್ಲಿ ಹಿಡಿದು ಹತ್ತನೆಯ ತರಗತಿಗೆ ಹೋಗಿದ್ದೆ. ಸಂಜೆಯ ಹೊತ್ತು ವಿದ್ಯುತ್ ಕೈಕೊಡುತ್ತಿದ್ದ, ಮಕ್ಕಳು ಲಾಂದ್ರದ ಬೆಳಕಿನಲ್ಲಿ ಓದುತ್ತಿದ್ದ ದಿನಗಳು. ಗಾಜಿನ ಪಾತ್ರೆಯೊಂದರಲ್ಲಿ ಸೂರ್ಯನ ಶಕ್ತಿಯನ್ನು ಹಿಡಿದಿದ್ದಾರೆ, ನೀವು ದೊಡ್ಡವರಾಗುವ ಹೊತ್ತಿಗೆ ದೀಪ ಆರುವುದೆಂಬುದೇ ಇರುವುದಿಲ್ಲ ಎಂದು ಉತ್ಸಾಹದಿಂದ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಆ ಶಾಖ ಪರಮಾಣುವಿನಿಂದಲೇ ಬಂತು ಅಂತ ಅವರಿಗೆ ಹೇಗೆ ಗೊತ್ತಾಯಿತು?" ಎಂದ. "ದೊಡ್ಡ ವಿಜ್ಞಾನಿಗಳು ಹೇಳಿದ್ದಾರೆ, ಕುಳಿತುಕೋ" ಎಂದೆ. ಆ ಬಾರಿಯ ಶೈಕ್ಷಣಿಕ ವರ್ಷದಲ್ಲಿ ಆ ಕೊಠಡಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಅದು. ಅತ್ಯಂತ ಕಳಪೆ ಉತ್ತರ ನನ್ನದು. ವರ್ಷ ಮುಗಿಯುವ ಮೊದಲೇ ಆ ಸುದ್ದಿಯ ಬುಡ ಅಲುಗಿತ್ತು. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ, ನಿಜ ಹೇಳಬೇಕೆಂದರೆ ಮುಜುಗರದಲ್ಲಿ, ಮಕ್ಕಳಿಗೆ ಅದನ್ನು ತಿಳಿಸಲಿಲ್ಲ. ಮೂವತ್ತೈದು ವರ್ಷಗಳಿಗೂ ಮೀರಿದ ಆ ಸಾಲವನ್ನು ಇಂದು ತೀರಿಸಲು ಪ್ರಯತ್ನಿಸುತ್ತೇನೆ.

ಮೊದಲಿಗೆ, ಎಲ್ಲಿಂದಲೋ ಬಂದ ಶಾಖವೆಲ್ಲ ಸುಳ್ಳೇ ಆಗಿರಬೇಕೆಂದಿಲ್ಲ. 1903ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಕ್ಯೂರಿ ಮತ್ತು ಆಲ್ಬರ್ಟ್ ಲಾಬೋರ್ಡ್ ಎಂಬವರು ರೇಡಿಯಂ ತನ್ನಷ್ಟಕ್ಕೆ ತಾನೇ ಬಿಸಿಯಾಗಿರುತ್ತದೆ ಎಂದು ಪ್ರಕಟಿಸಿದರು. ಒಂದು ಗ್ರಾಂ ರೇಡಿಯಂ ಗಂಟೆಗೆ ಸುಮಾರು 100 ಕ್ಯಾಲರಿ ಶಾಖ ಕೊಡುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲರಿ ಬೇಕೆಂದು ನೀವೆಲ್ಲ ಕಲಿತಿದ್ದೀರಿ. ಅಂದರೆ ರೇಡಿಯಂ ಪ್ರತಿ ಗಂಟೆಗೂ ತನ್ನ ತೂಕಕ್ಕಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸುತ್ತ, ದಿನವಾದರೂ ವರ್ಷವಾದರೂ ದಣಿಯದೆ ಇರುತ್ತದೆ. ಉರಿಯುವುದಿಲ್ಲ, ಕಣ್ಣಿಗೆ ಕಾಣುವಂತೆ ಸವೆಯುವುದಿಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ವೇದವಾಕ್ಯದಂತೆ ನಂಬಿದ್ದ ಅಂದಿನ ವಿಜ್ಞಾನಿಗಳು ಇದನ್ನು ಕಂಡು ಬೆರಗಾದರು. ಆದರೆ ರೇಡಿಯಂ ದೊರೆತ ಯಾರೇ ಅಳೆದರೂ ಅಷ್ಟೇ ಶಾಖ ಕಂಡಿತು ಎಂಬುದನ್ನು ಗಮನಿಸಿ.

ಅದೇ ವರ್ಷ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಮತ್ತು ಹೊವಾರ್ಡ್ ಬಾರ್ನ್ಸ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ರೇಡಿಯಂನಿಂದ ಹೊಮ್ಮುವ ವಿಕಿರಣಶೀಲ ಅನಿಲವನ್ನು, ಅಂದರೆ ನಾವು ಇಂದು ರೇಡಾನ್ ಎನ್ನುವುದನ್ನು, ಬೇರ್ಪಡಿಸಿ ಬೇರೆ ಕೊಳವೆಗೆ ತುಂಬಿದರು. ಶಾಖದ ಬಹುಪಾಲು ಆ ಅನಿಲದ ಜೊತೆಗೇ ಹೋಯಿತು! ಸುಮಾರು ನಾಲ್ಕು ದಿನಗಳಲ್ಲಿ ಅನಿಲದ ವಿಕಿರಣ ಅರ್ಧಕ್ಕಿಳಿದಾಗ ಅದರ ಶಾಖವೂ ಅರ್ಧಕ್ಕಿಳಿಯಿತು. ಇತ್ತ ರೇಡಿಯಂನಲ್ಲಿ ಅನಿಲ ಮತ್ತೆ ಕೂಡಿಕೊಂಡಂತೆ ಶಾಖವೂ ಮರಳಿತು. ಶಾಖ ಮತ್ತು ವಿಕಿರಣ ಎರಡೂ ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಶಾಖವಿದೆ ಎಂದು ತೋರಿಸುವುದು ಅರ್ಧ ಕೆಲಸ. ಅದರ ಮೂಲದ ಗುರುತನ್ನು ಹಿಡಿದು ತರುವುದು ಉಳಿದರ್ಧ. ಹಿಂದಿನ ಬೆಂಚಿನ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ ಆಗಿತ್ತು.

ಶಾಖಮಾಪನ ಎಷ್ಟು ಬಲವಾದ ಸಾಧನವೆಂಬುದಕ್ಕೆ ಮತ್ತೊಂದು ನಿದರ್ಶನವಿದೆ. 1927ರಲ್ಲಿ ಕೇಂಬ್ರಿಡ್ಜಿನ ಚಾರ್ಲ್ಸ್ ಎಲಿಸ್ ಮತ್ತು ವಿಲಿಯಂ ವೂಸ್ಟರ್, ಬೀಟಾ ಕಣಗಳನ್ನು ಹೊರಸೂಸುವ ವಸ್ತುವೊಂದರ ಶಾಖವನ್ನು ಪುಟ್ಟ ಶಾಖಮಾಪಕದಲ್ಲಿ ಅಳೆದರು. ಬರಬೇಕಾಗಿದ್ದುದರ ಸುಮಾರು ಮೂರನೆಯ ಒಂದು ಭಾಗವಷ್ಟೇ ಬಂತು. ಇಲ್ಲಿ ಶಾಖ ಹೆಚ್ಚಾಗಿರಲಿಲ್ಲ, ಕಡಿಮೆಯಾಗಿತ್ತು! ಆ ಕೊರತೆಯನ್ನು ತುಂಬಲೆಂದೇ 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ, ಯಾರ ಕಣ್ಣಿಗೂ ಬೀಳದೆ ಶಕ್ತಿಯನ್ನು ಹೊತ್ತೊಯ್ಯುವ ಕಣವೊಂದನ್ನು ಊಹಿಸಿದ. ಅದೇ ನ್ಯೂಟ್ರಿನೊ, 1956ರಲ್ಲಿ ಅದು ಪತ್ತೆಯೂ ಆಯಿತು. ಜಮಾ-ಖರ್ಚಿನ ಪುಸ್ತಕವನ್ನು ಪ್ರಾಮಾಣಿಕವಾಗಿ ಬರೆದವರಿಗೆ ಪ್ರಕೃತಿ ಇಂತಹ ಬಹುಮಾನವನ್ನೂ ಕೊಡುತ್ತದೆ.

ಇನ್ನು ನಮ್ಮ ಕಥೆಯ ಮುಖ್ಯ ಪಾತ್ರವಾದ ಪಲ್ಲಾಡಿಯಂ ಲೋಹಕ್ಕೆ ಬರೋಣ. ಇದು ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಅನಿಲವನ್ನು ಸ್ಪಂಜು ನೀರು ಕುಡಿದಂತೆ ಕುಡಿಯಬಲ್ಲದು. ಅಷ್ಟು ಒತ್ತಾಗಿ ಕುಳಿತ ಹೈಡ್ರೋಜನ್ ಪರಮಾಣುಗಳು ಒಂದಕ್ಕೊಂದು ಸೇರಿ ಹೀಲಿಯಂ ಆಗಬಾರದೇಕೆ ಎಂಬ ಆಸೆ ಹಳೆಯದು. 1926ರಲ್ಲಿ ಬರ್ಲಿನ್ನಿನ ಫ್ರಿಟ್ಜ್ ಪನೆಟ್ ಮತ್ತು ಕುರ್ಟ್ ಪೀಟರ್ಸ್ ಹಾಗೆ ಹೀಲಿಯಂ ಹುಟ್ಟಿತೆಂದು ಪ್ರಕಟಿಸಿದರು. ಅದರ ಮರುವರ್ಷವೇ ಸ್ವೀಡನ್ನಿನ ಜಾನ್ ಟಾಂಡ್‌ಬರ್ಗ್ ಇದೇ ಆಧಾರದ ಮೇಲೆ ಪೇಟೆಂಟಿಗೂ ಅರ್ಜಿ ಹಾಕಿದ, ಅದು ತಿರಸ್ಕೃತವಾಯಿತು. ಅಷ್ಟರಲ್ಲಿ ಪನೆಟ್ ಮತ್ತು ಪೀಟರ್ಸ್ ತಮ್ಮ ಪ್ರಯೋಗವನ್ನು ತಾವೇ ಅನುಮಾನದಿಂದ ನೋಡತೊಡಗಿದ್ದರು. ಬಿಸಿಯಾದ ಗಾಜು, ಹೈಡ್ರೋಜನ್ನಿನ ಸಮ್ಮುಖದಲ್ಲಿ ಮಾತ್ರ, ತನ್ನೊಳಗೆ ಅಡಗಿದ್ದ ಗಾಳಿಯ ಹೀಲಿಯಂ ಅನ್ನು ಬಿಟ್ಟುಕೊಡುತ್ತಿತ್ತು, ಆಮ್ಲಜನಕವಿದ್ದಾಗ ಬಿಡುತ್ತಿರಲಿಲ್ಲ. ಕಳ್ಳ ಪಾತ್ರೆಯಲ್ಲೇ ಇದ್ದ! 1927ರಲ್ಲಿ ಅವರು ತಮ್ಮ ಹೇಳಿಕೆಯನ್ನು ತಾವಾಗಿಯೇ ಹಿಂತೆಗೆದುಕೊಂಡರು. ಅದರಿಂದ ಪನೆಟ್‌ನ ಗೌರವ ಕುಂದಲಿಲ್ಲ. ಮುಂದೆಯೂ ದೊಡ್ಡ ರಸಾಯನವಿಜ್ಞಾನಿಯೆಂದೇ ಆತ ಹೆಸರಾದ.

ಬಿಸಿಯಿಲ್ಲದ ಸಮ್ಮಿಲನ ಅಸಾಧ್ಯವೇ? ಅದೂ ಅಲ್ಲ. 1956ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಲೂಯಿಸ್ ಆಲ್ವಾರೆಜ್ ಮತ್ತು ಸಂಗಡಿಗರು, ಮ್ಯೂಆನ್ ಎಂಬ ಕಣವು ಎಲೆಕ್ಟ್ರಾನಿನ ಜಾಗದಲ್ಲಿ ಕುಳಿತು ಎರಡು ನ್ಯೂಕ್ಲಿಯಸ್ಸುಗಳನ್ನು ತೀರ ಹತ್ತಿರಕ್ಕೆ ಎಳೆದು ಕೂಡಿಸುವುದನ್ನು ಕಂಡರು. ಮ್ಯೂಆನ್ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ಆದ್ದರಿಂದಲೇ ಈ ಸಾಮರ್ಥ್ಯ. ಜಗತ್ತಿನ ಶಕ್ತಿಯ ಸಮಸ್ಯೆ ಬಗೆಹರಿಯಿತೆಂಬ ಆಸೆ ಅವರಲ್ಲೂ ಮೂಡಿತ್ತು. ಆದರೆ ಲೆಕ್ಕ ಹಾಕಿದಾಗ, 2.2 ಮೈಕ್ರೋಸೆಕೆಂಡಿನಷ್ಟೇ ಸರಾಸರಿ ಆಯುಷ್ಯವಿರುವ ಮ್ಯೂಆನನ್ನು ಉತ್ಪಾದಿಸುವ ಖರ್ಚೇ ಬರುವ ಜಮೆಗಿಂತ ಹೆಚ್ಚೆಂದು ತಿಳಿಯಿತು. ವಿದ್ಯಮಾನ ನಿಜ, ಲಾಭವಿಲ್ಲ. ಅವರು ಹಾಗೆಯೇ ಬರೆದು ಮುಗಿಸಿದರು.

ಈಗ 1989ರ ಮಾರ್ಚ್ 23. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯದಲ್ಲಿ ಪತ್ರಿಕಾಗೋಷ್ಠಿ. ಮಾತನಾಡಿದವರು ಸಾಮಾನ್ಯರಲ್ಲ. ಮಾರ್ಟಿನ್ ಫ್ಲೈಶ್‌ಮನ್ ಇಂಗ್ಲೆಂಡಿನ ಸೌತಾಂಪ್ಟನ್ನಿನವರು, ರಾಯಲ್ ಸೊಸೈಟಿಯ ಸದಸ್ಯರು, ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಜಗತ್ಪ್ರಸಿದ್ಧರು. ಸ್ಟ್ಯಾನ್ಲಿ ಪಾನ್ಸ್ ಯೂಟಾದ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು. ಭಾರಜಲದಲ್ಲಿ ಪಲ್ಲಾಡಿಯಂ ಸರಳು ಮತ್ತು ಪ್ಲಾಟಿನಂ ತಂತಿ ಇಳಿಬಿಟ್ಟು ವಿದ್ಯುತ್ ಹರಿಸಿದಾಗ, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬಂತೆಂದೂ, ಪಲ್ಲಾಡಿಯಂ ಒಳಹೊಕ್ಕ ಡ್ಯೂಟೀರಿಯಂ ಪರಮಾಣುಗಳು ಸಮ್ಮಿಲನಗೊಂಡದ್ದೇ ಇದಕ್ಕೆ ಕಾರಣವೆಂದೂ ಅವರು ಸಾರಿದರು. ಸಮೀಪದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸ್ಟೀವನ್ ಜೋನ್ಸ್ ಕೂಡ ಇದೇ ಬಗೆಯ ಪ್ರಯೋಗದಲ್ಲಿ ತೊಡಗಿದ್ದರು. ಯಾರು ಮೊದಲು ಎಂಬ ಪೈಪೋಟಿ ಒಳಗೊಳಗೇ ಇತ್ತು. ಪ್ರಬಂಧವನ್ನು ಇತರರು ಓದುವ ಮೊದಲೇ ಜಗತ್ತು ಸುದ್ದಿಯನ್ನು ಓದಿತು. ನಾನು ಕತ್ತರಿಸಿಟ್ಟುಕೊಂಡದ್ದು ಆ ಸುದ್ದಿಯನ್ನೇ.

ಶಾಖ ಪರಮಾಣುವಿನ ಗರ್ಭದಿಂದಲೇ ಬಂದಿದ್ದರೆ ಏನು ಕಾಣಿಸಬೇಕಾಗಿತ್ತು? ಎರಡು ಡ್ಯೂಟೀರಿಯಂ ನ್ಯೂಕ್ಲಿಯಸ್ಸುಗಳು ಸೇರಿದಾಗ ಸರಿಸುಮಾರು ಅರ್ಧ ಬಾರಿ ಹೀಲಿಯಂ-3 ಮತ್ತು ನ್ಯೂಟ್ರಾನ್, ಇನ್ನರ್ಧ ಬಾರಿ ಟ್ರಿಟಿಯಂ ಮತ್ತು ಪ್ರೋಟಾನ್ ಹುಟ್ಟುತ್ತವೆ. ಗಾಮಾ ಕಿರಣದೊಂದಿಗೆ ಸಾಧಾರಣ ಹೀಲಿಯಂ-4 ಹುಟ್ಟುವುದು ಅತಿ ವಿರಳ. ಒಂದು ವ್ಯಾಟ್ ಶಾಖ ಬರಬೇಕಾದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿಗಿಂತ ಹೆಚ್ಚು ಸಮ್ಮಿಲನಗಳು ನಡೆಯಬೇಕು. ಹೆಚ್ಚುಕಡಿಮೆ ಲಕ್ಷ ಕೋಟಿಯಷ್ಟು ನ್ಯೂಟ್ರಾನುಗಳು ಹೊರಬರಬೇಕು. ಅಂತಹ ಪಾತ್ರೆಯ ಪಕ್ಕದಲ್ಲಿ ನಿಂತವರು ಬದುಕಿ ಪತ್ರಿಕಾಗೋಷ್ಠಿ ನಡೆಸಲು ಸಾಧ್ಯವೇ ಇರಲಿಲ್ಲ! ಅವರು ಕಂಡೆವೆಂದ ನ್ಯೂಟ್ರಾನುಗಳು ಆ ಶಾಖಕ್ಕೆ ಬೇಕಾದುದರ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು. ಹಾಗಾಗಿ ಶಾಖದ ಬಹುಪಾಲು ಯಾವುದೋ ಅಜ್ಞಾತ ಬೈಜಿಕ ಕ್ರಿಯೆಯಿಂದ ಬಂದಿರಬೇಕೆಂದು ಅವರೇ ಬರೆಯಬೇಕಾಯಿತು. ರುದರ್‌ಫೋರ್ಡ್ ಹಿಡಿದು ತಂದಿದ್ದ ಗುರುತು ಇಲ್ಲಿ ಕೈಗೆ ಸಿಗಲಿಲ್ಲ.

ಬೈಜಿಕ ಶಕ್ತಿಯಲ್ಲದಿದ್ದರೆ ಬೇರೆ ಯಾವ ಮೂಲಗಳಿರಬಹುದು? ನಮ್ಮ ಶಾಲೆಯ ರಸಾಯನಶಾಸ್ತ್ರವೇ ಇಲ್ಲಿ ಸಾಕು. ವಿದ್ಯುತ್ ಹರಿಸಿದಾಗ ನೀರು ಎರಡು ಅನಿಲಗಳಾಗಿ ಒಡೆಯುತ್ತದೆ. ಒಡೆಯಲು ಬಳಸಿದ ಶಕ್ತಿ ಅನಿಲಗಳ ಜೊತೆಗೆ ಹೊರಟುಹೋಗುತ್ತದೆಂದು ಭಾವಿಸಿ ಅದನ್ನು ಖರ್ಚಿನ ಕಡೆ ಕಳೆಯುತ್ತಾರೆ. ಭಾರಜಲಕ್ಕೆ ಇದು 1.54 ವೋಲ್ಟಿಗೆ ಸಮ. ಪಾತ್ರೆಗೆ 5 ವೋಲ್ಟ್ ಕೊಟ್ಟಿದ್ದರೆ ಒಟ್ಟು ಶಕ್ತಿಯ ಶೇಕಡ 31ರಷ್ಟು ಹೀಗೆ ಕಳೆದುಹೋಗುತ್ತದೆ. ಆದರೆ ಆ ಅನಿಲಗಳಲ್ಲಿ ಒಂದಿಷ್ಟು ಹೊರಗೆ ಹೋಗದೆ ಪಾತ್ರೆಯೊಳಗೇ ಮತ್ತೆ ಕೂಡಿ ನೀರಾದರೆ? ಕಳೆದುಹೋಯಿತೆಂದು ಬರೆದಿಟ್ಟ ಹಣ ಮನೆಯೊಳಗೇ ಸಿಕ್ಕಂತೆ, ಹೆಚ್ಚುವರಿ ಶಾಖ ಬಂದಂತೆ ತೋರುತ್ತದೆ.

ಎರಡನೆಯದು, ಪಲ್ಲಾಡಿಯಂ ಕುಡಿದಿಟ್ಟುಕೊಂಡ ಡ್ಯೂಟೀರಿಯಂ. ನಾನೇ ಒಂದು ಸಣ್ಣ ಲೆಕ್ಕ ಮಾಡಿ ನೋಡಿದೆ. ಒಂದು ಘನ ಸೆಂಟಿಮೀಟರ್ ಪಲ್ಲಾಡಿಯಂ 12 ಗ್ರಾಂ ತೂಗುತ್ತದೆ. ಲೋಹದ ಪ್ರತಿ ಪರಮಾಣುವಿಗೆ ಒಂದರಂತೆ ಡ್ಯೂಟೀರಿಯಂ ತುಂಬಿಕೊಂಡಿದ್ದರೆ, ಅದು ಗಾಳಿಯಲ್ಲಿ ಉರಿದಾಗ ಸುಮಾರು 16 ಕಿಲೋಜೌಲ್ ಶಾಖ ಬರುತ್ತದೆ. ಆ ಘನವನ್ನು 1,554 ಡಿಗ್ರಿಯವರೆಗೆ ಕಾಯಿಸಿ ಪೂರ್ತಿ ಕರಗಿಸಲು ಸುಮಾರು ಆರೂವರೆ ಕಿಲೋಜೌಲ್ ಸಾಕು. ಫ್ಲೈಶ್‌ಮನ್ ಮತ್ತು ಪಾನ್ಸ್ ತಮ್ಮ ಪ್ರಯೋಗಗಳಲ್ಲೊಂದರಲ್ಲಿ ಒಂದು ಸೆಂಟಿಮೀಟರಿನ ಪಲ್ಲಾಡಿಯಂ ಘನ ಕರಗಿ ಪ್ರಯೋಗದ ಗೂಡೇ ಹಾಳಾಯಿತೆಂದು ಬರೆದಿದ್ದರು. ಜನರ ಮನಸ್ಸನ್ನು ಸೆಳೆದ ದೃಶ್ಯ ಅದು. ಆದರೆ ಅಷ್ಟು ಅನಾಹುತಕ್ಕೆ ಪರಮಾಣುವಿನ ಗರ್ಭದವರೆಗೆ ಹೋಗಬೇಕಾಗಿಲ್ಲ. ಬೆಂಕಿಕಡ್ಡಿಯ ರಸಾಯನವೇ ಸಾಕು. ಈ ರಸಾಯನ ತಮಾಷೆಯದಲ್ಲ. 1992ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಪ್ರಯೋಗಾಲಯವೊಂದರಲ್ಲಿ ಇಂತಹ ಕೋಶ ಸಿಡಿದು ವಿಜ್ಞಾನಿಯೊಬ್ಬರು ಪ್ರಾಣ ಕಳೆದುಕೊಂಡರು. ಕೊಂದದ್ದು ನ್ಯೂಟ್ರಾನ್ ಅಲ್ಲ, ಒಟ್ಟುಗೂಡಿದ ಅನಿಲಗಳ ಸ್ಫೋಟ.

ನ್ಯಾಯವಾಗಿ ಹೇಳಬೇಕೆಂದರೆ, ಅವರು ಸಾರಿದ್ದು ಬರೀ ಕೆಲವು ಕಿಲೋಜೌಲುಗಳನ್ನಲ್ಲ. ನೂರಾರು ಗಂಟೆಗಳ ಶಾಖವನ್ನು ಕೂಡಿಸಿ ಮೆಗಾಜೌಲುಗಳ ಮಾತನ್ನು ಆಡಿದ್ದರು. ಅಷ್ಟು ನಿಜವಾಗಿದ್ದರೆ ಲೋಹದಲ್ಲಿ ಕೂಡಿಟ್ಟ ರಸಾಯನ ಶಕ್ತಿ ಸಾಲದು. ಆದರೆ ಇಲ್ಲಿಯೇ ಮೂರನೆಯ ಮೂಲ ಅಡಗಿದೆ: ಅಳತೆಯ ತಪ್ಪು. ದಿನವೂ ತಕ್ಕಡಿ ಒಂದು ತೊಲ ಹೆಚ್ಚು ತೋರಿಸಿದರೆ ವರ್ಷದ ಕೊನೆಗೆ ಇಲ್ಲದ ಮೂಟೆಯೊಂದು ಲೆಕ್ಕದಲ್ಲಿ ಕುಳಿತಿರುತ್ತದೆ. ಪಾತ್ರೆಯ ನೀರನ್ನು ಸರಿಯಾಗಿ ಕದಡದಿದ್ದರೆ ಒಂದೆಡೆ ಬಿಸಿ, ಇನ್ನೊಂದೆಡೆ ತಂಪು. ಉಷ್ಣಮಾಪಕವನ್ನು ಎಲ್ಲಿಟ್ಟಿರೋ ಅದರ ಮೇಲೆ ಉತ್ತರ. ಕ್ಯಾಲ್‌ಟೆಕ್ ಸಂಸ್ಥೆಯ ನೇಥನ್ ಲೂಯಿಸ್ 1989ರ ಮೇ 1ರಂದು ಬಾಲ್ಟಿಮೋರಿನ ಭೌತವಿಜ್ಞಾನಿಗಳ ಸಭೆಯಲ್ಲಿ ಈ ಬಗೆಯ ಲೋಪಗಳನ್ನು ಎತ್ತಿ ತೋರಿಸಿದರು. "ಚೆನ್ನಾಗಿ ಕದಡಿ, ಆಮೇಲೆ ಓದು" ಎಂದು ನಾನು ನಿಮಗೆಲ್ಲ ಪ್ರಯೋಗಶಾಲೆಯಲ್ಲಿ ಗದರಿಸುತ್ತಿದ್ದುದು ನೆನಪಿದೆಯೆ?

ಅನಂತರದ ಇತಿಹಾಸ ಬೇಗ ಬೇಗನೆ ಸಾಗಿತು. ಏಪ್ರಿಲ್ 10ರಂದು ನ್ಯೂಟ್ರಾನ್ ಕಂಡೆವೆಂದ ಜಾರ್ಜಿಯಾ ಟೆಕ್ ಸಂಸ್ಥೆಯವರು, ತಮ್ಮ ಮಾಪಕವು ಶಾಖಕ್ಕೇ ಸ್ಪಂದಿಸುತ್ತಿತ್ತೆಂದು ತಿಳಿದು ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಫ್ಲೈಶ್‌ಮನ್ನರ ಸಲಹೆ ಪಡೆದೇ ಆರಂಭಿಸಿದ ಇಂಗ್ಲೆಂಡಿನ ಹಾರ್ವೆಲ್ ಪ್ರಯೋಗಾಲಯಕ್ಕೂ ಏನೂ ಕಾಣಲಿಲ್ಲ. ಅಮೆರಿಕದ ಇಂಧನ ಇಲಾಖೆಯ ತಜ್ಞರ ಸಮಿತಿ ನವೆಂಬರಿನಲ್ಲಿ ವರದಿ ಕೊಟ್ಟು, ಇದು ಬೈಜಿಕ ಶಕ್ತಿಯೆಂಬುದಕ್ಕೆ ಮನವೊಪ್ಪುವ ಸಾಕ್ಷ್ಯವಿಲ್ಲವೆಂದಿತು. ಯೂಟಾ ರಾಜ್ಯ ಐವತ್ತು ಲಕ್ಷ ಡಾಲರ್ ಕೊಟ್ಟು ಸ್ಥಾಪಿಸಿದ್ದ ಶೀತಲ ಸಮ್ಮಿಲನ ಸಂಸ್ಥೆ 1991ರಲ್ಲಿ ಮುಚ್ಚಿತು. ಫ್ಲೈಶ್‌ಮನ್ ಮತ್ತು ಪಾನ್ಸ್ ಫ್ರಾನ್ಸಿಗೆ ಹೋಗಿ ಜಪಾನಿ ಹಣದ ನೆರವಿನಿಂದ ಕೆಲಕಾಲ ಕೆಲಸ ಮಾಡಿದರು. ಆ ಪ್ರಯೋಗಾಲಯವೂ 1998ರಲ್ಲಿ ಬಾಗಿಲು ಹಾಕಿತು. ಫ್ಲೈಶ್‌ಮನ್ 2012ರಲ್ಲಿ ತೀರಿಕೊಂಡರು.

ನಮ್ಮ ದೇಶದ ಪಾತ್ರವನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಆಗ ಪಿ. ಕೆ. ಅಯ್ಯಂಗಾರ್ ನಿರ್ದೇಶಕರು. ಸುದ್ದಿ ಬಂದ ಕೆಲವೇ ವಾರಗಳಲ್ಲಿ ಅಲ್ಲಿನ ಹಲವು ತಂಡಗಳು ಪ್ರಯೋಗಕ್ಕಿಳಿದು, ನ್ಯೂಟ್ರಾನ್ ಮತ್ತು ಟ್ರಿಟಿಯಂ ಎರಡೂ ಕಂಡವೆಂದು ವರದಿ ಮಾಡಿದವು. ವಿಚಿತ್ರವೆಂದರೆ, ಎರಡೂ ಸಮಸಮವಾಗಿ ಇರಬೇಕಾದಲ್ಲಿ ಅವರಿಗೆ ಕಂಡ ನ್ಯೂಟ್ರಾನುಗಳು ಟ್ರಿಟಿಯಂನ ಸುಮಾರು ಕೋಟಿಯಲ್ಲೊಂದು ಪಾಲು. ಒಪ್ಪಿದವರಿಗೆ ಇದು ಹೊಸ ಭೌತವಿಜ್ಞಾನದ ಸುಳಿವು. ಒಪ್ಪದವರಿಗೆ ಕಲಬೆರಕೆಯ ಶಂಕೆ. ನಮ್ಮ ವಿಜ್ಞಾನಿಗಳ ಶ್ರಮವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಬೇಕೆಂದಾಗ ಮತ್ತೆ ತೋರಿಸಬಲ್ಲ ಪ್ರಯೋಗವೊಂದು ಅದರಿಂದ ಮೂಡಿಬರಲಿಲ್ಲ, ಆ ಕೆಲಸ ತೊಂಬತ್ತರ ದಶಕದಲ್ಲೇ ನಿಂತಿತು. ಮುಂದೆ 2015ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಈ ವಿಷಯಕ್ಕೆ ವಿಶೇಷ ವಿಭಾಗವನ್ನೇ ಮೀಸಲಿಟ್ಟಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು 1989ರ ಮುಂಬಯಿ ಪ್ರಯೋಗಗಳಲ್ಲಿದ್ದ ಮಹಾದೇವ ಶ್ರೀನಿವಾಸನ್.

ಇನ್ನು ನನ್ನ ವಿದ್ಯಾರ್ಥಿ ಕೇಳಿದ ನಿಕ್ಕಲ್ ಯಂತ್ರದ ವಂಶವೃಕ್ಷ. ಈ ಹೊತ್ತಿಗೆ 'ಶೀತಲ ಸಮ್ಮಿಲನ' ಎಂಬ ಹೆಸರು ಸವೆದು 'ಕಡಿಮೆ ಶಕ್ತಿಯ ಬೈಜಿಕ ಕ್ರಿಯೆ' ಎಂಬ ಹೊಸ ಹೆಸರು ಬಂದಿತ್ತು. 2011ರ ಜನವರಿಯಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಆಂದ್ರೆಯಾ ರೊಸ್ಸಿ ಎಂಬವರು, ಭೌತವಿಜ್ಞಾನಿ ಸೆರ್ಜಿಯೊ ಫೊಕಾರ್ಡಿ ಅವರೊಡಗೂಡಿ, 'ಇ-ಕ್ಯಾಟ್' ಎಂಬ ಯಂತ್ರವನ್ನು ಪ್ರದರ್ಶಿಸಿದರು. ನಿಕ್ಕಲ್ಲಿಗೆ ಹೈಡ್ರೋಜನ್ ಸೇರಿ ತಾಮ್ರವಾಗುತ್ತದೆ, ಆ ಶಕ್ತಿಯೇ ನೀರನ್ನು ಉಗಿಯಾಗಿಸುತ್ತದೆ ಎಂಬುದು ವಾದ. ಯಂತ್ರವನ್ನು ವಿದ್ಯುತ್ ಸಂಪರ್ಕಕ್ಕೂ ಜೋಡಿಸಲಾಗಿತ್ತು.

ಇಲ್ಲಿ ನೀವು ಕಲಿತ ಗುಪ್ತೋಷ್ಣವನ್ನು ನೆನಪಿಸಿಕೊಳ್ಳಿ. 20 ಡಿಗ್ರಿಯ ಒಂದು ಗ್ರಾಂ ನೀರನ್ನು 100 ಡಿಗ್ರಿಗೆ ಕಾಯಿಸಲು 80 ಕ್ಯಾಲರಿ. ಅದನ್ನು ಪೂರ್ತಿ ಉಗಿಯಾಗಿಸಲು ಇನ್ನೂ 540. ಕೊಳವೆಯಿಂದ ಹೊರಬಂದದ್ದೆಲ್ಲ ಒಣ ಉಗಿ ಎಂದು ಭಾವಿಸಿದರೆ ಗ್ರಾಮಿಗೆ 620 ಕ್ಯಾಲರಿ ಜಮೆಯಾಗುತ್ತದೆ. ನಿಜವಾಗಿ ಹೊರಬಂದದ್ದು ಹೆಚ್ಚಾಗಿ ಕುದಿನೀರೇ ಆಗಿದ್ದು, ಮೇಲಷ್ಟೇ ಉಗಿ ಹಬ್ಬಿದ್ದರೆ ಜಮೆ 80ರ ಆಸುಪಾಸು. ವ್ಯತ್ಯಾಸ ಏಳು ಪಟ್ಟಿಗೂ ಮಿಕ್ಕಿ! ಎರಡಕ್ಕೂ ಉಷ್ಣಮಾಪಕ ತೋರಿಸುವುದು ಅದೇ 100 ಡಿಗ್ರಿ. ಉಗಿಯ ಜೊತೆ ಹೊರಟ ನೀರನ್ನು ಹಿಡಿದು ತೂಗದೆ ಯಾವ ಪಂಡಿತನೂ ಇದನ್ನು ತೀರ್ಮಾನಿಸಲಾರ. ವಿಮರ್ಶಕರ ಮೊದಲ ಆಕ್ಷೇಪ ಇದೇ ಆಗಿತ್ತು.

ಎರಡನೆಯ ಆಕ್ಷೇಪ ಬೂದಿಯದು. ಪ್ರಕೃತಿಯ ನಿಕ್ಕಲ್ಲಿನಲ್ಲಿ ಶೇಕಡ 68 ಭಾಗ ನಿಕ್ಕಲ್-58. ಅದಕ್ಕೆ ಪ್ರೋಟಾನ್ ಸೇರಿದರೆ ಹುಟ್ಟುವುದು ತಾಮ್ರ-59. ಇದು ಒಂದೂವರೆ ನಿಮಿಷದೊಳಗೆ ಅರ್ಧ ಕ್ಷಯಿಸಿ ವಿಕಿರಣ ಚೆಲ್ಲುತ್ತದೆ. ಯಂತ್ರ ನಿಲ್ಲಿಸಿದ ಮೇಲೂ ಆ ವಿಕಿರಣದ ಗುರುತು ಕಾಣಬೇಕು, ಕಾಣಲಿಲ್ಲ. ಬಳಸಿದ ಪುಡಿಯಲ್ಲಿ ಸಿಕ್ಕ ತಾಮ್ರದ ಸಮಸ್ಥಾನಿಗಳ ಪ್ರಮಾಣವೂ ನಮ್ಮ ಮನೆಯ ತಾಮ್ರದ ಚೊಂಬಿನಲ್ಲಿರುವಂಥದ್ದೇ. ಬೈಜಿಕ ಕ್ರಿಯೆಯಿಂದ ಹುಟ್ಟಿದ ತಾಮ್ರಕ್ಕೆ ಆ ಪ್ರಮಾಣವೇ ಬರಲು ಕಾರಣವಿಲ್ಲ.

2014ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ 32 ದಿನಗಳ ಪರೀಕ್ಷೆ ನಡೆಯಿತು. ಅಲ್ಲಿ ಶಾಖವನ್ನು ನೀರಿನಿಂದ ಅಳೆಯಲಿಲ್ಲ. ಯಂತ್ರದ ಹೊರಮೈಯನ್ನು ಉಷ್ಣಛಾಯಾಗ್ರಾಹಕದಿಂದ ನೋಡಿ ಲೆಕ್ಕ ಹಾಕಿದರು. ಮೈ ಎಷ್ಟು ವಿಕಿರಣ ಸೂಸುತ್ತದೆಂಬ ಅಂಕಿಯನ್ನು ತಪ್ಪಾಗಿ ಆರಿಸಿಕೊಂಡರೆ ತಾಪವೇ ತಪ್ಪಾಗುತ್ತದೆ. ವಿಕಿರಣ ನಿರಪೇಕ್ಷ ತಾಪದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ 1,000 ಇರುವುದನ್ನು 1,400 ಎಂದು ಓದಿದರೆ ಶಕ್ತಿ ಸುಮಾರು ನಾಲ್ಕು ಪಟ್ಟು ಹಿಗ್ಗುತ್ತದೆ. ಮುಂದೆ ರೊಸ್ಸಿ ಅವರಿಗೂ ಅಮೆರಿಕದ ಇಂಡಸ್ಟ್ರಿಯಲ್ ಹೀಟ್ ಎಂಬ ಕಂಪನಿಗೂ ವ್ಯಾಜ್ಯವಾಯಿತು. ಕಂಪನಿ ಅದಾಗಲೇ 1 ಕೋಟಿ 15 ಲಕ್ಷ ಡಾಲರ್ ಕೊಟ್ಟಿತ್ತು; ಉಳಿದ 8 ಕೋಟಿ 90 ಲಕ್ಷಕ್ಕಾಗಿ ರೊಸ್ಸಿ 2016ರಲ್ಲಿ ಮೊಕದ್ದಮೆ ಹೂಡಿದರು. 2017ರ ಜುಲೈಯಲ್ಲಿ ಮಯಾಮಿಯ ನ್ಯಾಯಾಲಯದಲ್ಲಿ ರಾಜಿಯಾಯಿತು. ಯಂತ್ರ ನಿಜವಾಗಿ ಕೆಲಸ ಮಾಡುತ್ತದೆಯೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ. ಅದು ನ್ಯಾಯಾಲಯದಲ್ಲಿ ತೀರ್ಮಾನವಾಗುವ ವಿಷಯವೂ ಅಲ್ಲ.

ಹಾಗಾದರೆ ಬಾಗಿಲು ಪೂರ್ತಿ ಮುಚ್ಚಿತೆ? ಇಲ್ಲ. ಗೂಗಲ್ ಕಂಪನಿಯ ಹಣದಿಂದ 2015ರಿಂದ ಸುಮಾರು ಮೂವತ್ತು ಸಂಶೋಧಕರು ಹಳೆಯ ಪ್ರಯೋಗಗಳನ್ನು ಎಚ್ಚರಿಕೆಯಿಂದ ಮತ್ತೆ ಮಾಡಿದರು. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ಅಂತಹ ಶಾಖ ಕಾಣಲಿಲ್ಲವೆಂದೂ, ಆದರೆ ಲೋಹದೊಳಗಿನ ಹೈಡ್ರೋಜನ್ನಿನ ಬಗ್ಗೆ ಕಲಿಯುವುದು ಬಹಳವಿದೆಯೆಂದೂ ಬರೆದರು. 2025ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವೊಂದು, ಪಲ್ಲಾಡಿಯಂ ಮೇಲೆ ಡ್ಯೂಟೀರಿಯಂ ಅಯಾನುಗಳನ್ನು ಹೊಡೆಯುವಾಗ ಇನ್ನೊಂದು ಬದಿಯಿಂದ ವಿದ್ಯುದ್ರಾಸಾಯನಿಕವಾಗಿ ಡ್ಯೂಟೀರಿಯಂ ತುಂಬಿದರೆ ಸಮ್ಮಿಲನದ ಪ್ರಮಾಣ ಸರಾಸರಿ ಶೇಕಡ 15 ಹೆಚ್ಚುತ್ತದೆಂದು ಪ್ರಕಟಿಸಿತು. ಅವರು ಶಾಖವನ್ನು ನಂಬಿ ಕೂರಲಿಲ್ಲ, ನ್ಯೂಟ್ರಾನುಗಳನ್ನು ಎಣಿಸಿದರು. ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಬಂತೆಂದು ಹೇಳಿಕೊಳ್ಳಲೂ ಇಲ್ಲ. 1989ರಲ್ಲಿ ಆಗಬೇಕಾಗಿದ್ದ ಕೆಲಸ ಈ ರೀತಿಯದು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಹಿರಿಯರು "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದರು. ನನ್ನ ವಿದ್ಯಾರ್ಥಿಗೆ ಕೊಡುವ ಉತ್ತರವೂ ಅಷ್ಟೇ. ಆ ಯಂತ್ರದವರನ್ನು ಮೂರು ಮಾತು ಕೇಳು, ಮಗು. ಗೋಡೆಯ ತಂತಿಯನ್ನು ಪೂರ್ತಿ ಕಳಚಿದ ಮೇಲೆ, ಒಳಗಿನ ವಸ್ತುಗಳು ಉರಿದು ಕೊಡಬಹುದಾದುದಕ್ಕಿಂತ ಹೆಚ್ಚು ಕಾಲ ಅದು ನೀರನ್ನು ಕಾಯಿಸುತ್ತದೆಯೆ? ಅವರಿಗೆ ಸಂಬಂಧಪಡದ ಯಾರಾದರೂ ತಮ್ಮದೇ ಉಪಕರಣಗಳಿಂದ, ತಮ್ಮದೇ ಜಾಗದಲ್ಲಿ ಅಳೆದಿದ್ದಾರೆಯೆ? ಶಾಖದ ಜೊತೆಗೆ ಬರಬೇಕಾದ ಬೂದಿಯೋ ವಿಕಿರಣವೋ ಶಾಖ ಏರಿದಂತೆ ಏರಿ, ಇಳಿದಂತೆ ಇಳಿಯುತ್ತದೆಯೆ? ರೇಡಿಯಂ ಈ ಪರೀಕ್ಷೆಗಳಲ್ಲಿ ಒಂದೇ ವರ್ಷದಲ್ಲಿ ಗೆದ್ದಿತು. ಇವು ದಾಟುವವರೆಗೆ ನೀನು ದುಡಿದ ಹಣ ನಿನ್ನಲ್ಲೇ ಇರಲಿ.

ಕೊನೆಯದಾಗಿ, 1989-90ರ ಹತ್ತನೆಯ ತರಗತಿಯವರಿಗೆ. ನೀವೀಗ ಐವತ್ತು ದಾಟಿದವರು. ನಿಮ್ಮ ಮಕ್ಕಳೇ ದೊಡ್ಡವರಾಗಿದ್ದಾರೆ. ಗಾಜಿನ ಪಾತ್ರೆಯಲ್ಲಿ ಸೂರ್ಯನನ್ನು ಹಿಡಿದಿದ್ದಾರೆಂದು ನಾನು ಹೇಳಿದ್ದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಪ್ರಶ್ನೆ ಕೇಳಿದ ಹುಡುಗನನ್ನು ಕುಳ್ಳಿರಿಸಿದ್ದು. ಪನೆಟ್ ತನ್ನ ತಪ್ಪನ್ನು ಒಂದು ವರ್ಷದೊಳಗೆ ತಾನೇ ಹೇಳಿಕೊಂಡ. ನನಗೆ ಇಷ್ಟು ವರ್ಷ ಬೇಕಾಯಿತು. ಆ ಹುಡುಗ ಇದನ್ನು ಓದುತ್ತಿದ್ದರೆ ಅವನಿಗೆ ನನ್ನ ಮಾತು ಇಷ್ಟೇ: ಎದ್ದು ನಿಲ್ಲಪ್ಪ, ನಿನ್ನ ಪ್ರಶ್ನೆ ಸರಿಯಾಗಿತ್ತು.

ಎಲ್ಲರಿಗೂ ಒಳಿತಾಗಲಿ.